ದಾವಲ್ ಬೀ ಗಾಡಿಯ ತಲೆ ಎತ್ತಿಸಿದ್ದು

ಹುಣಸೆಮರವನ್ನು ಒಂದು ಸುತ್ತು ಹಾಕಿ, ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿ, ಇದರಲ್ಲಿ ಎಷ್ಟು ಚೀಲ ಹಣ್ಣಿದೆ ಎಂದು ಹೇಳುವವರು ದೇವದುರ್ಗದ ಕಡೆ ಬೇಕಾದಷ್ಟು ಜನ ಇದ್ದರು. ಸರಿಯಾಗಿ ಹೇಳಬಲ್ಲವಳು ದಾವಲ್ ಬೀ ಒಬ್ಬಳೇ. ಅದಕ್ಕೇ ಅವಳು ಬಾಯಿಬಿಟ್ಟು ಎಂದೂ ಸರಿಯಾಗಿ ಹೇಳುತ್ತಿರಲಿಲ್ಲ. ಗಬ್ಬೂರಿನಲ್ಲೋ ಜಾಲಹಳ್ಳಿಯಲ್ಲೋ ಮರಗಳ ಗುತ್ತಿಗೆ ಕೂಗುವ ದಿನ ಉಳಿದ ಗುತ್ತಿಗೆದಾರರು ಅವಳ ಬೆನ್ನಿಗೇ ಸುತ್ತುತ್ತಿದ್ದರು. ಅವಳು ಬುಡದಲ್ಲಿ ಎಲೆಯಡಿಕೆ ಉಗುಳಿ, "ಇದರಾಗ ಹಣ್ಣಿಲ್ಲ, ಬರೇ ಗಾಳಿ ಅದ" ಎಂದು ಮುಖ ಕಿವುಚುವಳು. ನಂಬಿದವರು ಮುಂದಿನ ಮರಕ್ಕೆ ಹೋಗುವರು, ಈ ಮರ ಅವಳದಾಗುವುದು. ನಂಬದವರು ಜಿದ್ದಿಗೆ ಬಿದ್ದು ಕೂಗಿ ಹಿಡಿದರೆ ಅದರಲ್ಲಿ ನಿಜವಾಗಿಯೂ ಗಾಳಿಯೇ ಇರುವುದು. ಯಾವಾಗ ಸುಳ್ಳು, ಯಾವಾಗ ನಿಜ ಎಂಬುದು ಅವಳ ಗಂಡನಿಗೂ ಗೊತ್ತಾಗುತ್ತಿರಲಿಲ್ಲ.

ಗಂಡ ಪೀರಾ ಸಾಬ್ ಡ್ರೈವರ್. ಮಾತು ಜಾಸ್ತಿ, ಬ್ರೇಕು ಕಡಿಮೆ. ತುಂಗಭದ್ರಾ ಕಾಲುವೆಯ ಕೆಲಸಕ್ಕೆಂದು ಬಂದು, ಕೆಲಸ ಮುಗಿದ ಮೇಲೆ ಹರಾಜಿಗೆ ಬಿದ್ದ ಒಂದು ಶವರ್ಲೆಟ್ ಪಿಕಪ್ಪನ್ನು ಅವನು ಮದುವೆಯಾದ ಹೊಸದರಲ್ಲಿ ಹಿಡಿದಿದ್ದ. ಮುಂದೆ ಉಬ್ಬಿದ ಮೂತಿ, ನಡುವೆ ದುಂಡನೆಯ ಕ್ಯಾಬಿನ್ನು, ಹಿಂದೆ ಸಾಮಾನು ಹಾಕುವ ತೊಟ್ಟಿ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಗಂಡ ಗಾಡಿ ಹೊಡೆದ, ಹೆಂಡತಿ ಮರ ಹಿಡಿದಳು. ಹಣ್ಣು ಉದುರಿಸಿದ ದಿನವೇ ರಾಯಚೂರಿನ ಗಂಜ್ ಮಾರುಕಟ್ಟೆಗೆ ಬಂದು ಬೀಳುತ್ತಿತ್ತು. ಆಮೇಲೆ ಪೀರಾ ಸಾಬನ ಎರಡೂ ಕಣ್ಣಿಗೆ ಪೊರೆ ಬಂತು. ಎದುರು ಬಂದದ್ದು ಎಮ್ಮೆಯೋ ಬಸ್ಸೋ ಎಂದು ಹೆಂಡತಿಯನ್ನು ಕೇಳುವ ಹಂತ ತಲುಪಿದ ದಿನ ಅವಳೇ ಚಾವಿ ಕಿತ್ತುಕೊಂಡಳು. ಗಾಡಿ ಮನೆಯ ಮುಂದಿನ ಬೇವಿನಮರದ ಕೆಳಗೆ ನಿಂತಿತು. ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಡತೊಡಗಿದವು.

ಅಂದಿನಿಂದ ದಾವಲ್ ಬೀಯ ಹಣ್ಣು ಬಸ್ಸಿನ ತಲೆ ಏರಿತು. ಕಂಡಕ್ಟರನ ಮುಖ ನೋಡಬೇಕು, ಕ್ಲೀನರನ ಗಲ್ಲ ಹಿಡಿಯಬೇಕು. ಬಿಸಿಲಿಗೆ ಹಣ್ಣು ಕರಗಿ, ಕಿಟಕಿಯಲ್ಲಿ ಕುಳಿತವರ ಬಿಳಿ ಅಂಗಿಯ ಮೇಲೆ ಸೋರಿದರೆ ಬೈಗುಳ ಅವಳಿಗೆ. "ಹುಣಸಿಹಣ್ಣರೀ, ರಕ್ತ ಅಲ್ಲ, ತೊಳದ್ರ ಹೋಗ್ತದ" ಎನ್ನುವಳು. ಹೋಗುವುದಿಲ್ಲ ಎಂಬುದು ಅವಳಿಗೂ ಗೊತ್ತು.

ನಾನು ಸಿದ್ದರಾಮಪ್ಪ. ರಾಯಚೂರಿನಲ್ಲಿ ಹಳೆ ಕಬ್ಬಿಣದ ವ್ಯಾಪಾರ. ಬೇರೆಯವರು ಮಳೆಗೆ ಕಾದಂತೆ ನಾನು ತುಕ್ಕಿಗೆ ಕಾಯುವವನು. ಬೇವಿನ ಕೆಳಗಿನ ಆ ಗಾಡಿಯ ಮೇಲೆ ನನ್ನ ಕಣ್ಣು ಬಿದ್ದು ಬಹಳ ದಿನವಾಗಿತ್ತು. ದೇವದುರ್ಗಕ್ಕೆ ಹೋದಾಗಲೆಲ್ಲ ಆ ಓಣಿಯಲ್ಲೇ ಹಾಯ್ದು, "ಯಾವಾಗ ಕೊಡ್ತಿ ಬೀಬಿ?" ಎನ್ನುತ್ತಿದ್ದೆ. "ಇನ್ನೂ ಹಣ್ಣಾಗಿಲ್ರಿ" ಎಂದು ಅವಳು ನಗುತ್ತಿದ್ದಳು.

ಎಂಬತ್ತೆರಡನೆಯ ಇಸವಿ, ಶಿವರಾತ್ರಿ ಮುಗಿದಿತ್ತು. ಒಂದು ಮುಂಜಾನೆ ದಾವಲ್ ಬೀ ನನ್ನ ಅಂಗಡಿಗೆ ಬಂದು, ಕರೆಯದೆಯೇ ತಕ್ಕಡಿಯ ಕಲ್ಲಿನ ಮೇಲೆ ಕುಳಿತಳು.

"ಸಾವ್ಕಾರ್ರ, ಒಳಗ ನಾಕು ಟೈರ್ ಇಟ್ಟೀರಲ್ರಿ, ಇನ್ನೂ ಜೀವ ಇದ್ದವು."

"ಇಟ್ಟೀನಿ. ಯಾಕ, ಬಸ್ಸಿಗೆ ದಾನ ಮಾಡ್ತಿಯೇನು?"

"ನನ್ನ ಗಾಡಿಗೆ ಬೇಕಾಗ್ಯಾವ."

"ನಿನ್ನ ಗಾಡ್ಯಾಗ ಕೋಳಿ ಸಂಸಾರ ಹೂಡ್ಯಾವ ಅಂತ ಕೇಳೀನಿ."

"ಅವಕ್ಕ ಬ್ಯಾರೆ ಮನಿ ನೋಡೀನ್ರಿ" ಎಂದಳು, ನಗದೆ.

ವಿಷಯ ಹೀಗಿತ್ತು. ಮಾನ್ವಿಯ ವಾದಿರಾಜಾಚಾರ್ಯರಿಗೆ ಚೀಕಲಪರ್ವಿಯ ಹೊಳೆದಂಡೆಯಲ್ಲಿ ಒಂದು ಹುಣಸೆ ತೋಪು. ಆ ಸೀಮೆಯಲ್ಲಿ ಅಂಥ ತೋಪು ಇನ್ನೊಂದಿಲ್ಲ. ಹಿಂದಿನ ವರ್ಷ ಹಿಡಿದವನು ಬಾಡಿಗೆ ಲಾರಿಗೆ ಕಾಯುತ್ತ ಕೂತು, ಅಕಾಲದ ಮಳೆ ಬಂದು, ರಾಶಿ ಹಾಕಿದ ಹಣ್ಣೆಲ್ಲ ಕಪ್ಪಾಗಿ ಹುಳ ಬಿತ್ತು. ಆಚಾರ್ಯರ ಪಾಲಿನದೂ ಅದರಲ್ಲೇ ಇತ್ತು. ಈ ಸಲ ಆಚಾರ್ಯರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ಸ್ವಂತ ಗಾಡಿ ಇದ್ದವರಿಗೇ ತೋಪು. ಹೋಳಿ ಹುಣ್ಣಿಮೆಯೊಳಗೆ ಗಾಡಿ ತಂದು ತೋರಿಸಬೇಕು. ಇಲ್ಲದಿದ್ದರೆ ಬಳ್ಳಾರಿ ಕಡೆಯ ಲಾರಿಯವನೊಬ್ಬ ಹೊಸಿಲಲ್ಲೇ ಕೂತಿದ್ದಾನೆ.

ದಾವಲ್ ಬೀಯ ಅಕ್ಕನ ಮಗ ಬಂದೇನವಾಜ್ ರಾಯಚೂರಿನ ಗ್ಯಾರೇಜಿನಲ್ಲಿ ಮಿಸ್ತ್ರಿ. ಅವನು ಹೋಗಿ ಗಾಡಿ ನೋಡಿ ಬಂದಿದ್ದ. ಇಂಜಿನ್ನು ಬದುಕುತ್ತದೆ, ಕ್ಯಾಬಿನ್ನಿನ ತಳ ಕೊಳೆತಿದೆ, ಹೊಸ ತಗಡು ಹಾಕಬಹುದು. ಆದರೆ ಅದರ ಕೆಳಗಿನ ಚಾಸಿ, ಅಂದರೆ ಗಾಡಿಯ ಬೆನ್ನೆಲುಬು, ತುಕ್ಕು ತಿಂದಿದ್ದರೆ ಯಾವ ಮಿಸ್ತ್ರಿಯಿಂದಲೂ ಆಗುವುದಿಲ್ಲ. ಕ್ಯಾಬಿನ್ನು ಎತ್ತಿ ನೋಡದೆ ಅದು ತಿಳಿಯುವಂತಿಲ್ಲ.

"ಎತ್ತಿಸ್ತೀನ್ರಿ" ಎಂದಳು ದಾವಲ್ ಬೀ. "ಚಾಸಿ ತಿಂದಿತ್ತು ಅಂದ್ರ ಗಾಡಿ ಪೂರಾ ನಿಮ್ದು. ಗಟ್ಟಿ ಇತ್ತು ಅಂದ್ರ ನಿಮ್ಮ ಟೈರ್ ನಂದು. ಮರ ನೋಡಿದಂಗ ನೋಡೀನಿ ನಾನು. ನೀವೂ ನೋಡೀರಿ. ಯಾರ ಕಣ್ಣು ಖರೆ ಅಂಬೋದು ಗೊತ್ತಾಗ್ಲಿ."

ಅಷ್ಟು ಮಳೆಗಾಲ ಬಯಲಲ್ಲಿ ನಿಂತ ಕಬ್ಬಿಣ ಗಟ್ಟಿಯಿದೆ ಎಂದರೆ ಬೇವಿನಮರದಲ್ಲಿ ಮಾವು ಬಿಟ್ಟಿದೆ ಎಂದಂತೆ. ಅವಳ ಮಾತು ಮುಗಿಯುವ ಮೊದಲೇ ನಾನು ತಲೆ ಅಲ್ಲಾಡಿಸಿದ್ದೆ.

ಗೊತ್ತುಮಾಡಿದ ದಿನ ಲಾರಿ ಮಾಡಿಕೊಂಡು ದೇವದುರ್ಗಕ್ಕೆ ಹೋದೆ. ಲಾರಿಯಲ್ಲಿ ಆ ನಾಲ್ಕು ಟೈರು ಇದ್ದವು, ಮಾತಿಗೆ. ಕಬ್ಬಿಣ ಕತ್ತರಿಸುವ ಗ್ಯಾಸಿನ ಸಿಲಿಂಡರೂ ಇತ್ತು, ನಂಬಿಕೆಗೆ. ಗಂಜ್‌ನಿಂದ ಹಮಾಲರ ಮುಂದಾಳು ಹನುಮಂತನನ್ನೂ ಅವನ ಕಡೆಯವರನ್ನೂ ಕರೆದೊಯ್ದಿದ್ದೆ. ದಾವಲ್ ಬೀ ಲಾರಿಯೊಳಗೆ ಇಣುಕಿ ಸಿಲಿಂಡರು ನೋಡಿದಳು.

"ಜೀವ ಹೋಗೋಕ ಮೊದ್ಲ ಚಟ್ಟ ಕಟ್ಕೊಂಡು ಬಂದೀರೇನ್ರಿ?"

"ಹಾದಿ ದೂರ ಅಲ್ಲೇನು ಬೀಬಿ. ಎರಡು ಸಲ ತಿರುಗಾಡೋದ್ಯಾಕ ಅಂತ."

ಹೊರಸಿನ ಮೇಲೆ ಕುಳಿತಿದ್ದ ಪೀರಾ ಸಾಬ್ ದನಿಯ ಕಡೆ ಮುಖ ತಿರುಗಿಸಿದ. "ಸಾವ್ಕಾರ್ರು ಹಮಾಲರನ್ನ ತಂದಾರಂತಲ್ಲ. ಎತ್ತಾಕೋ, ಕೆಡವಾಕೋ?"

ಅವನಿಗೆ ಅನುಮಾನ. ನಾನು ತಂದ ಹಮಾಲರು ಬೇಕೆಂದೇ ಕೈಬಿಟ್ಟು ಕ್ಯಾಬಿನ್ನು ಜಜ್ಜಿಬಿಟ್ಟರೆ? ಅದಕ್ಕಾಗಿ ಅವನೂ ಮಾನ್ವಿಯ ಅಕ್ಕಿ ಗಿರಣಿಯಿಂದ ತನ್ನ ಹಳೆಯ ದೋಸ್ತ ಸತ್ತಾರ್ ಸಾಬನನ್ನು ಅವನ ಹಮಾಲರ ಸಮೇತ ಕರೆಸಿದ್ದ. ಓಣಿಯ ಜನವೆಲ್ಲ ಕಟ್ಟೆ ಹತ್ತಿ ಕುಳಿತಿತ್ತು.

ಬಂದೇನವಾಜ್ ಹಿಂದಿನ ದಿನವೇ ಬಾಗಿಲು, ಗಾಜು, ಸೀಟು, ಮುಂದಿನ ಬಾನೆಟ್ಟು ಎಲ್ಲ ಬಿಚ್ಚಿಟ್ಟಿದ್ದ. ವೈರು ಕಳಚಿದ್ದ. ಸ್ಟೇರಿಂಗಿನ ಚಕ್ರ ತೆಗೆದಿದ್ದ. ಅದರ ದಾಂಡು ಮಾತ್ರ ಚಾಸಿಗೆ ಅಂಟಿಕೊಂಡೇ ಕ್ಯಾಬಿನ್ನಿನ ತಳದ ಕಿಂಡಿಯಲ್ಲಿ ಓರೆಯಾಗಿ ಮೇಲೆದ್ದು ನಿಂತಿತ್ತು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ ಕುಡಿಸಿ, ಕೊನೆಯದನ್ನು ನಮ್ಮೆದುರಿಗೆ ಪಾನಾ ಹಾಕಿ ಒದ್ದ. ಅದು ಕಿರ್ರೆಂದು ಸಡಿಲವಾದಾಗ ಕಟ್ಟೆಯ ಮೇಲಿನ ಹೆಂಗಸರು ಹೆರಿಗೆಯ ಮನೆಯಲ್ಲಿ ಕೂತವರಂತೆ ಉಸಿರು ಬಿಟ್ಟರು. ಹಾರೆಯಿಂದ ಮೀಟಿ, ಕ್ಯಾಬಿನ್ನಿನ ಹೊಟ್ಟೆಗೂ ಚಾಸಿಗೂ ನಡುವೆ ಎರಡು ದಪ್ಪ ಸರ್ವೆ ಗಳಗಳನ್ನು ಅಡ್ಡಲಾಗಿ ತೂರಿಸಿದರು.

"ಭಾರ ಏನಿಲ್ಲ" ಎಂದ ಬಂದೇನವಾಜ್. "ನಿಮ್ಗ ಅದು ಹೂವು. ಆದ್ರ ನೆಟ್ಟಗ ಮ್ಯಾಲ ಹೋಗ್ಬೇಕು. ವಾರಿ ಆತಂದ್ರ ದಾಂಡಿಗೆ ಸಿಕ್ಕು ಅದೂ ಹೋತು, ಇದೂ ಹೋತು. ಹೆಗಲ ಮಟ್ಟ ಎತ್ತಿ ಮುಂದಕ ನಡೀರಿ, ಅಷ್ಟ."

ಬಲಗಡೆ ಗಂಜ್‌ನವರು, ಎಡಗಡೆ ಮಾನ್ವಿಯವರು. ಹನುಮಂತ ಕೂಗಿದ: "ಐ...ಸಾ!"

ಎಡಗಡೆ ಎದ್ದಿತು. ಬಲಗಡೆ ಕುಳಿತೇ ಇತ್ತು. ಬಲಗಡೆ ಏಳುವ ಹೊತ್ತಿಗೆ ಕ್ಯಾಬಿನ್ನು ವಾಲಿ, ದಾಂಡು ಕಿಂಡಿಗೆ ಸಿಕ್ಕಿ, ತಗಡು ಹಂದಿ ಕೂಗಿದಂತೆ ಕೂಗಿತು.

"ಇಳಸ್ರಲೇ!" ಎಂದು ಎಲ್ಲರಿಗಿಂತ ಮೊದಲು ಕಿರುಚಿದವನು ಪೀರಾ ಸಾಬ್. "ನನ್ನ ಸ್ಟೇರಿಂಗ್ ಅಳಾಕತ್ತದ."

ಇಳಿಸಿದರು. ಕಾರಣ ಹೊರಬಿತ್ತು. ಗಂಜ್‌ನಲ್ಲಿ ಹಮಾಲ ಒಬ್ಬನೇ ಚೀಲವನ್ನು ಬೆನ್ನಿಗೆ ಹಾಕಿಕೊಳ್ಳುವವನು. ಅವನು "ಐ" ಎಂದಾಗ ಉಸಿರು ತುಂಬಿಕೊಂಡು "ಸಾ" ಎಂದಾಗ ಏಳುತ್ತಾನೆ. ಗಿರಣಿಯಲ್ಲಿ ಇಬ್ಬರು ಕೊಕ್ಕೆ ಹಾಕಿ ಚೀಲವನ್ನು ಒಟ್ಟಿದ ಥಪ್ಪಿಯ ಮೇಲೆ ಎಸೆಯುತ್ತಾರೆ. ಅವರು "ಐ" ಎಂದಾಗಲೇ ಎತ್ತಿ "ಸಾ" ಎಂದಾಗ ಬಿಡುತ್ತಾರೆ. ಜಗತ್ತೆಲ್ಲ ತಮ್ಮ ಹಾಗೆಯೇ ಎತ್ತುತ್ತದೆ ಎಂದು ಇಬ್ಬರೂ ಹುಟ್ಟಿದಾಗಿನಿಂದ ನಂಬಿದ್ದರು.

"ಸಾ ಅನ್ನೋಕ ಮೊದ್ಲ ಎತ್ತೋರು ನೀವೆಂಥ ಹಮಾಲರೋ?" ಎಂದ ಹನುಮಂತ.

"ಸಾ ಅಂದ ಮ್ಯಾಲ ಎತ್ತೋರು ಮುದುಕ್ರು" ಎಂದ ಸತ್ತಾರ್ ಸಾಬ್.

ಜನ ನಡುವೆ ಬಿದ್ದು ಸಮಾಧಾನ ಮಾಡಿದರು. ಎರಡನೆಯ ಸಲ ಗಳಕ್ಕೆ ಕೈ ಹಚ್ಚಿದರು. ಕೆಟ್ಟದ್ದಾದದ್ದು ಇಲ್ಲೇ. ಇಬ್ಬರೂ ಒಳ್ಳೆಯವರು. ಹೋಗಲಿ, ಈ ಸಲ ಅವರ ಪದ್ಧತಿಯಂತೆ ಎತ್ತೋಣ ಎಂದು ಇವರೂ ಯೋಚಿಸಿದರು, ಇವರ ಪದ್ಧತಿಯಂತೆ ಎತ್ತೋಣ ಎಂದು ಅವರೂ ಯೋಚಿಸಿದರು. ಒಬ್ಬರಿಗೊಬ್ಬರು ಹೇಳಲಿಲ್ಲ. "ಐ" ಎನ್ನುತ್ತಲೇ ಬಲಗಡೆ ಹಾರಿತು, ಎಡಗಡೆ ಮರ್ಯಾದೆಯಿಂದ ಕಾಯುತ್ತ ಕುಳಿತಿತ್ತು. ಈ ಸಲ ಕ್ಯಾಬಿನ್ನು ಆ ಕಡೆ ವಾಲಿತು. ಬಂದೇನವಾಜ್ ಹಾರೆ ಕೊಟ್ಟು ತಡೆಯದಿದ್ದರೆ ದಾಂಡು ಅಲ್ಲಿಗೇ ಬಾಗುತ್ತಿತ್ತು.

ಸತ್ತಾರ್ ಸಾಬ್ ರುಮಾಲು ಝಾಡಿಸಿ ಹೆಗಲಿಗೆ ಹಾಕಿಕೊಂಡು, ತನ್ನವರನ್ನೆಲ್ಲ ಕರೆದುಕೊಂಡು ಚಹದ ಅಂಗಡಿಗೆ ನಡೆದುಬಿಟ್ಟ. ನಾನು ನನ್ನ ಸಿಲಿಂಡರಿನ ಕಡೆ ಒಮ್ಮೆ ನೋಡಿದೆ. ನಾನು ನೋಡಿದ್ದನ್ನು ದಾವಲ್ ಬೀ ಕಂಡಳು.

ಅವಳ ಮುಖದಲ್ಲಿ ಅದುವರೆಗೆ ಇದ್ದ ನಗು ಹೋಗಿತ್ತು. ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಹುಬ್ಬಿಗೆ ಕೈ ಅಡ್ಡ ಹಿಡಿದು ಗಳ ನೋಡಿದಳು, ದಾಂಡು ನೋಡಿದಳು, ಕಟ್ಟೆಯ ಮೇಲೆ ಕುಳಿತ ತನ್ನ ಹೆಣ್ಣಾಳುಗಳನ್ನು ನೋಡಿದಳು. ಹುಣಸೆ ಉದುರಿಸುವಾಗ ಮರದ ಕೆಳಗೆ ದೊಡ್ಡ ತಾಡಪತ್ರಿ ಹಾಸಿ, ತುಂಬಿದ ಮೇಲೆ ಸುತ್ತ ಹಿಡಿದು ಎತ್ತಿ ಒಯ್ಯುವವರು ಅವರು. ಒಂದು ಅಂಚು ತಗ್ಗಿದರೂ ಹಣ್ಣೆಲ್ಲ ಮಣ್ಣುಪಾಲು.

"ಏ ಜೈನಾಬ್, ಇಳೀರಿ ಎಲ್ಲಾರೂ."

ಜೈನಾಬ್ ಆ ಹೆಣ್ಣಾಳುಗಳ ಮುಂದಾಳು. ಮೂಗು ಮುರಿದಳು. "ನಾವ್ಯಾಕ ಬೇ? ಇಷ್ಟು ದೊಡ್ಡ ದೊಡ್ಡ ಗಂಡಸ್ರು ಇರೋವಾಗ."

"ಗಂಡಸ್ರು ಕಿವಿಲೆ ಎತ್ತಾಕತ್ಯಾರ. ನೀವು ಕಣ್ಣಿಲೆ ಎತ್ರಿ."

ಹೆಂಗಸರು ಸೆರಗು ಸಿಕ್ಕಿಸಿಕೊಂಡು ಗಳಗಳ ಎಡತುದಿ ಹಿಡಿದರು. ಹನುಮಂತನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರ ಜೊತೆ ಎತ್ತಿದರೂ ಅವಮಾನ, ಬಿಟ್ಟುಹೋದರೆ ಗಂಜ್‌ನಲ್ಲಿ ಅದಕ್ಕಿಂತ ದೊಡ್ಡ ಅವಮಾನ.

"ಯಕ್ಕಾ, ಐಸಾ ಯಾರು ಅಂತಾರ?" ಎಂದು ಹನುಮಂತ ಕೇಳಿದ.

"ಯಾರೂ ಅನಬ್ಯಾಡ್ರಿ. ಬಾಯಿ ಮುಚ್ರಿ. ನೀನು ಜೈನಾಬಳ ಕೈ ನೋಡು, ಅಕಿ ನಿನ್ನ ಕೈ ನೋಡ್ತಾಳ. ಎಲ್ಲಾರೂ ಎದುರಿನೋರ ಕೈ ನೋಡ್ರಿ. ಅದು ಎದ್ದಷ್ಟ ನಿಂದೂ ಏಳ್ಬೇಕು, ಒಂದು ಬಟ್ಟು ಜಾಸ್ತಿ ಇಲ್ಲ."

"ಕೈ ಅಷ್ಟ ನೋಡಪಾ, ಮಾರಿ ನೋಡಬ್ಯಾಡ" ಎಂದಳು ಜೈನಾಬ್. ಕಟ್ಟೆ ಪೂರ್ತಿ ನಕ್ಕಿತು. ಆಮೇಲೆ ನಗು ನಿಂತಿತು.

ಓಣಿಯಲ್ಲಿ ಬೇವಿನೆಲೆ ಅಲುಗುವ ಸದ್ದು ಮಾತ್ರ. ಗಳಗಳು ನಡುಗಿದವು. ಕ್ಯಾಬಿನ್ನು ಚಾಸಿಯಿಂದ ಬಿಟ್ಟಿತು. ಬೆರಳಷ್ಟು, ಗೇಣಷ್ಟು. ಎಡಗಡೆ ಒಂದು ಗುಂಜಿ ತಗ್ಗಿತು, ಬಲಗಡೆ ತಾನಾಗಿಯೇ ನಿಂತು ಕಾಯಿತು, ಮತ್ತೆ ಎರಡೂ ಕೂಡಿ ಎದ್ದವು. ದಾಂಡು ಕಿಂಡಿಯೊಳಗೆ ಜಾರುತ್ತ ಜಾರುತ್ತ ಕೆಳಗೆ ಉಳಿಯಿತು. "ಎಲ್ಲಿಗೆ ಬಂತು? ಎಲ್ಲಿಗೆ ಬಂತು?" ಎಂದು ಪೀರಾ ಸಾಬ್ ಹೊರಸಿನಿಂದ ಎದ್ದು ಗಾಳಿಯಲ್ಲಿ ಕೈಯಾಡಿಸುತ್ತಿದ್ದ. ಯಾರೂ ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟರೆ ಕೈ ತಪ್ಪುತ್ತದೆ. ಗಳಗಳು ಹೆಗಲಿಗೆ ಬಂದವು. ಹಮಾಲರೂ ಹೆಣ್ಣಾಳುಗಳೂ ಎದುರುಬದುರು ಕೈ ನೋಡುತ್ತ, ಇಂಜಿನ್ನಿನ ಎರಡೂ ಮಗ್ಗುಲಲ್ಲಿ ಅಡ್ಡಡ್ಡ ಹೆಜ್ಜೆ ಇಟ್ಟು ಮುಂದೆ ನಡೆದು, ಕ್ಯಾಬಿನ್ನನ್ನು ನೆಲಕ್ಕಿಳಿಸಿದರು. ಮೊಟ್ಟೆಯಿಟ್ಟಷ್ಟು ಮೆತ್ತಗೆ.

ಓಣಿ ಹುಯ್ಯೆಂದಿತು. ಚಹದ ಅಂಗಡಿಯಿಂದ ಸತ್ತಾರ್ ಸಾಬ್ ಬಸಿ ಕೈಯಲ್ಲಿ ಹಿಡಿದೇ ಓಡಿಬಂದ. "ನಾವಿಲ್ದ ಹ್ಯಾಂಗ ಎದ್ದಿತು?"

"ನೀವಿಲ್ಲ ಅಂತನ ಎದ್ದಿತು" ಎಂದ ಹನುಮಂತ. ಕ್ಯಾಬಿನ್ನು ಅವನೊಬ್ಬನೇ ಎತ್ತಿದಂತಿತ್ತು ಅವನ ದನಿ.

ಇನ್ನು ಚಾಸಿ. ತಲೆ ತೆಗೆದ ಗಾಡಿ ಬಯಲಲ್ಲಿ ಬೆತ್ತಲೆ ನಿಂತಿತ್ತು. ನಾನು ಸುತ್ತಿಗೆ ತೆಗೆದುಕೊಂಡು ಮುಂದೆ ಹೋದೆ. ದಾವಲ್ ಬೀ ನನ್ನ ಕೈಯಿಂದ ಅದನ್ನು ನಯವಾಗಿ ಬಿಡಿಸಿಕೊಂಡಳು. "ನೀವು ಕೇಳ್ರಿ ಸಾವ್ಕಾರ್ರ. ಹೊಡಿಯೋ ಕೆಲಸ ನಂದು."

ಬಲಗಡೆಯ ಕಂಬಿಯನ್ನು ಮುಂದಿನಿಂದ ಬಡಿಯುತ್ತ ಬಂದಳು. ಠಣ್. ಠಣ್. ಗುಡಿಯ ಗಂಟೆ. ನಾನು ಟೈರುಗಳ ಕಡೆ ನೋಡಿದೆ. ಎಡಗಡೆಗೆ ಬಂದಳು. ಠಣ್. ಠಣ್. ಕ್ಯಾಬಿನ್ನು ಕೂತಿದ್ದ ಜಾಗದ ಸರಿ ಕೆಳಗೆ ಬಡಿದಾಗ: ದಬ್.

ಮತ್ತೆ ಬಡಿದಳು. ದಬ್.

ನನ್ನ ವ್ಯಾಪಾರದಲ್ಲಿ ಆ ಸದ್ದಿಗೆ ಒಂದೇ ಅರ್ಥ. ಬಂದೇನವಾಜ್ ತಲೆ ತಗ್ಗಿಸಿದ. ದಾವಲ್ ಬೀಯ ಕೈಯಲ್ಲಿ ಸುತ್ತಿಗೆ ಹಾಗೇ ನಿಂತಿತು. ಚೀಕಲಪರ್ವಿಯ ತೋಪು ಅವಳ ಕಣ್ಣೆದುರೇ ಬಳ್ಳಾರಿಯ ಲಾರಿ ಏರುತ್ತಿದ್ದಂತೆ ಕಂಡಿತು.

"ಎಲ್ಲಿ ಅದು?" ಎಂದು ಪೀರಾ ಸಾಬ್ ತಡವರಿಸುತ್ತ ಬಂದ. ಕಂಬಿಯ ಒಳಮಗ್ಗುಲಿಗೆ ಕೈಹಾಕಿ ಸವರಿದ. ಉಗುರಿನಿಂದ ಕೆರೆದ. ಕೆರೆದದ್ದನ್ನು ಮೂಗಿಗೆ ಹಿಡಿದು ಮೂಸಿದ. ಹಲ್ಲೆಲ್ಲ ಕಾಣುವಂತೆ ನಕ್ಕ.

"ತುಕ್ಕಲ್ಲ. ಎರಿಮಣ್ಣು. ಜಾಲಹಳ್ಳಿ ಹಾದಿ ಮಣ್ಣು ಇದು. ಆ ವರ್ಷ ಮಳ್ಯಾಗ ಗಾಡಿ ಹೂತು ಎತ್ತು ಕಟ್ಟಿ ಎಳಿಸಿದ್ದು ಮರ್ತಿಯೇನ ದಾವಲ್?"

ಜೈನಾಬ್ ಬೀಜ ಬಿಡಿಸುವ ಕತ್ತಿಯಿಂದ ಕೆರೆಯತೊಡಗಿದಳು. ಒಣಗಿ ಕಲ್ಲಾಗಿದ್ದ ಕರಿಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಅದರ ಹಿಂದೆ ಕಂಪನಿಯ ಕಪ್ಪು ಬಣ್ಣ ಹಾಗೇ ಇತ್ತು. ಕಾಲುವೆ ಕೆಲಸದವರು ಬಳಿದ ಗ್ರೀಸಿನ ಮೇಲೆ ಮಣ್ಣು ಕೂತು ಮುಚ್ಚಳ ಹಾಕಿದಂತೆ ಕಾಪಾಡಿತ್ತು. ದಾವಲ್ ಬೀ ಬಡಿದಳು.

ಠಣ್.

ಆ ಸದ್ದು ಕೇಳಿ ಓಣಿಯ ಮಕ್ಕಳು ಮರಿಗಳೆಲ್ಲ ಕುಣಿದರು. ನಾನು ಲಾರಿಯ ಹತ್ತಿರ ಹೋಗಿ ಟೈರು ಇಳಿಸಲು ಹೇಳಿದೆ. ಅವುಗಳನ್ನು ಕೈಯಿಂದ ಮುಟ್ಟುವ ಧೈರ್ಯ ನನಗಿರಲಿಲ್ಲ.

ತಗಡು ಕೆಲಸ ಮುಗಿಸಿ ಕ್ಯಾಬಿನ್ನು ಮರಳಿ ಕೂರಿಸಲು ಇನ್ನೂ ಎಷ್ಟೋ ದಿನ ಬೇಕು, ಹೋಳಿ ಬಾಗಿಲಿಗೆ ಬಂದಿದೆ ಎಂದು ನಾನು ಮೆಲ್ಲಗೆ ನೆನಪಿಸಿದೆ. ಸೋತವನ ಕೊನೆಯ ಆಸೆ.

ದಾವಲ್ ಬೀ ಟೈರು ಹಾಕುತ್ತಿದ್ದ ಬಂದೇನವಾಜನನ್ನು ಕೇಳಿದಳು: "ಕ್ಯಾಬಿನ್ ಇಲ್ದ ಓಡ್ತದೇನೋ?"

"ಓಡ್ತದ ಖಾಲಾ. ಪೆಟ್ರೋಲ್ ಟಾಕಿ ಕ್ಯಾಬಿನ್ನಿನ ಜೋಡಿ ಹೋತು. ಡಬ್ಬಿಗೆ ಪೈಪ್ ಹಚ್ಚಿ ಯಾರರ ಎತ್ತಿ ಹಿಡೀಬೇಕು, ಪೆಟ್ರೋಲ್ ಕೆಳಗ ಇಳೀಬೇಕಲ್ಲ."

"ನಾ ಹಿಡೀತೀನಿ."

ರಾತ್ರಿ ನಾವೂ ಅಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಚಾಸಿಯ ಮೇಲೆ ಅಡ್ಡ ಹಲಗೆ ಹಾಕಿ, ಹಲಗೆಯ ಮೇಲೆ ಗೋಣಿಚೀಲ ಹಾಕಿ, ಬಂದೇನವಾಜ್ ಸ್ಟೇರಿಂಗಿನ ಚಕ್ರ ಮತ್ತೆ ಸಿಕ್ಕಿಸಿ ಹಿಡಿದು ಕುಳಿತ. ಪಕ್ಕದಲ್ಲಿ ದಾವಲ್ ಬೀ, ತಲೆಯ ಮಟ್ಟಕ್ಕೆ ಪೆಟ್ರೋಲಿನ ಡಬ್ಬಿ ಎತ್ತಿ ಹಿಡಿದು. ಹಿಂದಿನ ತೊಟ್ಟಿಯಲ್ಲಿ ಜೈನಾಬ್ ಮತ್ತವಳ ಬಳಗ, ನಡುವೆ ಪೀರಾ ಸಾಬ್. ಹನುಮಂತ ಹ್ಯಾಂಡಲ್ ತಿರುವಿ ತಿರುವಿ ಸೋತು ಕೈಬಿಡುವ ಹೊತ್ತಿಗೆ ಇಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಹೊಡೆದುಕೊಳ್ಳತೊಡಗಿತು. ಸಿರವಾರದ ಮೇಲೆ ಮಾನ್ವಿ ರಸ್ತೆ ಹಿಡಿದರು. ದಾರಿಯಲ್ಲಿ ಎಲ್ಲಾದರೂ ಮುರಿದುಬಿದ್ದರೆ ವ್ಯಾಪಾರ ಕುದುರೀತೆಂದು ನಾನೂ ಲಾರಿಯಲ್ಲಿ ಅವರ ಹಿಂದೆಯೇ ಹೊರಟೆ.

ಅಂಥ ಮೆರವಣಿಗೆಯನ್ನು ಆ ರಸ್ತೆ ಕಂಡಿರಲಿಲ್ಲ. ಹೊಲದಲ್ಲಿದ್ದವರು ಕೆಲಸ ಬಿಟ್ಟು ಬದುವಿಗೆ ಓಡಿಬಂದರು. ಎದುರು ಬಂದ ಬಸ್ಸು ತಾನಾಗಿ ದಂಡೆಗಿಳಿದು ದಾರಿ ಕೊಟ್ಟಿತು. ಅದರ ಕಂಡಕ್ಟರು ಬಾಗಿಲಲ್ಲಿ ಜೋತು, "ಬೀಬಿ, ತಲಿ ಎಲ್ಲಿ ಬಿಟ್ಟಿ?" ಎಂದು ಕೂಗಿದ. "ನಿನ್ನ ಬಸ್ಸಿನ ಮ್ಯಾಲ ಇಟ್ಟು ಮರ್ತೀನಿ, ನೋಡು" ಎಂದು ಇವಳು ಕೂಗಿದಳು. ತೊಟ್ಟಿಯಿಂದ ಪೀರಾ ಸಾಬ್, "ಏರು ಬಂತು, ಎರಡ್ನೇ ಗೇರು. ಸೇತುವಿ ಬಂತು, ಸಾವಕಾಶ" ಎಂದು ಕಾಣದ ರಸ್ತೆಯನ್ನು ಒಂದೊಂದಾಗಿ ಹೇಳುತ್ತಿದ್ದ. ಒಂದೂ ತಪ್ಪಲಿಲ್ಲ.

ಮಾನ್ವಿಯಲ್ಲಿ ಆಚಾರ್ಯರ ಅಂಗಳದಲ್ಲೇ ಹೋಗಿ ನಿಂತರು. ಆಚಾರ್ಯರು ಪಂಚೆ ಹಿಡಿದುಕೊಂಡು ಹೊರಬಂದರು. ಪಡಸಾಲೆಯಲ್ಲಿ ಆ ಬಳ್ಳಾರಿಯವನೂ ಕುಳಿತಿದ್ದ.

ದಾವಲ್ ಬೀ ಸುತ್ತ ನೋಡಿದಳು. ಆಗಷ್ಟೇ ಲಾರಿಯಿಂದ ಇಳಿದು ಬಂದ ನಾನು ಕಣ್ಣಿಗೆ ಬಿದ್ದೆ. "ಹಿಡೀರಿ ಸಾವ್ಕಾರ್ರ. ಕೆಳಗ ಮಾಡಬ್ಯಾಡ್ರಿ, ಇಂಜಿನ್ ನಿಲ್ತದ. ನಿಂತ್ರ ಮತ್ತ ಯಾರ ರಟ್ಟ್ಯಾಗ ಕಸುವು ಅದ ತಿರುವಾಕ?" ಎಂದು ಡಬ್ಬಿ ನನ್ನ ಕೈಗೆ ಕೊಟ್ಟು ಇಳಿದಳು.

"ಏನವಾ ಇದು?" ಎಂದರು ಆಚಾರ್ಯರು.

"ಗಾಡಿ ರೀ. ಸ್ವಂತದ್ದು."

"ತಲಿನ ಇಲ್ಲಲ್ಲವಾ ಇದಕ್ಕ."

"ಹಣ್ಣು ಬೆನ್ನ ಮ್ಯಾಲ ಹೊರ್ತದ ರೀ, ತಲಿ ಮ್ಯಾಲಲ್ಲ. ಬೆನ್ನು ಗಟ್ಟಿ ಅದ. ಬೇಕಂದ್ರ ಇವರ್ನ ಕೇಳ್ರಿ, ರಾಯಚೂರಿನ ಕಬ್ಬಿಣದ ಸಾವ್ಕಾರ್ರು. ಗಾಡಿ ಒಡ್ಯಾಕ ಬಂದೋರು."

ಆಚಾರ್ಯರು ನನ್ನ ಕಡೆ ತಿರುಗಿದರು. ಕೈಯೆತ್ತಿ ಡಬ್ಬಿ ಹಿಡಿದು, ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೆ. ಸುಳ್ಳು ಹೇಳಬಹುದಿತ್ತು. ಆದರೆ ಆ ಠಣ್ ಎಂಬ ಸದ್ದು ಇನ್ನೂ ನನ್ನ ಕಿವಿಯಲ್ಲಿತ್ತು, ಹಿಂದೆ ತೊಟ್ಟಿಯ ತುಂಬ ಅದನ್ನು ಕೇಳಿದವರೇ ಕುಳಿತಿದ್ದರು.

"ಗಟ್ಟಿ ಅದ ರೀ" ಎಂದೆ. "ನಮ್ಮ ನಿಮ್ಮ ಕಾಲ ಮುಗಿದ್ರೂ ಇರ್ತದ."

ಆಚಾರ್ಯರು ಗಾಡಿಯನ್ನು ಒಂದು ಸುತ್ತು ಬಂದರು. ಬಳ್ಳಾರಿಯವನು ಚಪ್ಪಲಿ ಹುಡುಕತೊಡಗಿದ. ದರದ ಮಾತು ಎರಡು ನಿಮಿಷದಲ್ಲಿ ಮುಗಿಯಬಹುದಿತ್ತು, ಆದರೆ ದಾವಲ್ ಬೀಗೆ ಯಾವ ಅವಸರವೂ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತು, ತೋಪಿನ ಒಂದೊಂದು ಮರದ ಹೆಸರು ಹಿಡಿದು, ಇದರಾಗ ಹಣ್ಣಿಲ್ಲ, ಅದರಾಗ ಬರೇ ಗಾಳಿ ಎಂದು ಶುರುಮಾಡಿದಳು. ನನ್ನ ಕೈ ನೋಯುತ್ತಿತ್ತು. ಡಬ್ಬಿ ಕೆಳಗಿಳಿಸಲಿಲ್ಲ.